ಊರಿಗೆ ಹೋಗದ ಸ್ಪೀಕರ್‌ಗಳು

ವಿಕಾಸ್ ಸ್ಟೀರಿಯೋ ನೋಡಲು ಹೊರಟರೆ ಕಿವಿಯ ಜತೆಗೆ ತಕ್ಕಡಿಯನ್ನೂ ಒಯ್ಯುವ ಮನುಷ್ಯ. ಪೆಟ್ಟಿಗೆಯ ಹಿಡಿಗೆ ಸಿಕ್ಕಿಸಿ ಎತ್ತಿದರೆ ತೂಕ ತೋರಿಸುವ ಪುಟ್ಟ ಕೈತಕ್ಕಡಿ ಅದು, ವರ್ಷಕ್ಕೊಮ್ಮೆ ವಿಮಾನ ಹತ್ತುವವರೆಲ್ಲರ ಮನೆಯಲ್ಲೂ ಇರುವಂಥದ್ದು. ಆ ಶುಕ್ರವಾರ ಬೆಳಿಗ್ಗೆ ಅವನು ಅದನ್ನು ಪ್ಯಾಂಟಿನ ಕಿಸೆಗೆ ಇಳಿಸುವುದನ್ನು ಕಂಡ ಹೆಂಡತಿ ಸುಪ್ರೀತಾ ಕುಡಿಯುತ್ತಿದ್ದ ಚಹಾವನ್ನು ಅರ್ಧಕ್ಕೇ ಕೆಳಗಿಟ್ಟಳು.

"ಅದೆಂತಕ್ಕೆ? ನಾವು ಹೋಗುದು ಪದ್ಯ ಕೇಳ್ಲಿಕ್ಕಾ, ಬಂಗುಡೆ ಮೀನು ತಗೊಳ್ಲಿಕ್ಕಾ?"

"ಕೇಳ್ಲಿಕ್ಕೇ ಮಾರಾಯ್ತಿ. ಆದ್ರೆ ಕೇಳಿದ ಮೇಲೆ ತಗೊಂಡು ಹೋಗ್ಬೇಕಲ್ಲ?"

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ಊರಿಗೆ."

ಮದುವೆಯಾಗಿ ಒಮಾನಿನ ಸೊಹಾರ್‌ಗೆ ಬಂದ ಹದಿನಾಲ್ಕು ವರ್ಷಗಳಲ್ಲಿ ಆ ಮನೆಯ ವಸ್ತುಗಳೆಲ್ಲ ಎರಡು ಬಗೆಯಾಗಿದ್ದವು. ಒಂದು ಇಲ್ಲಿಯದು, ಇನ್ನೊಂದು ಊರಿನದು. ಇಲ್ಲಿಯದೆಂದರೆ ಬಿಟ್ಟುಹೋದ ಯಾರದೋ ಸಂಸಾರದಿಂದ ಬಂದ ಸೋಫಾ, ಒಂದು ಕಾಲಿಗೆ ರಟ್ಟು ಮಡಚಿಟ್ಟ ಊಟದ ಮೇಜು, ಹಿಡಿ ಕಿತ್ತ ಕುಕ್ಕರ್. ಊರಿನದೆಂದರೆ ಒಳ್ಳೆಯದು. ಅದು ಕೊಂಡ ದಿನವೇ ಮೈತುಂಬ ಟೇಪು ಬಿಗಿಸಿಕೊಂಡು ಉಡುಪಿ ಬಳಿಯ ಬೆಳ್ಮಣ್ಣಿನಲ್ಲಿ ಕಟ್ಟಿಸಿದ ಹೊಸ ಮನೆಗೆ ಹೊರಟುಹೋಗುತ್ತಿತ್ತು. ಹೋಗಿ ಬೀಗದೊಳಗೆ ಕೂರುತ್ತಿತ್ತು. ಕಳೆದ ರಜೆಯಲ್ಲಿ, ಆರು ವರ್ಷ ಅಲ್ಲಿ ಕೂತಿದ್ದ ದೊಡ್ಡ ಟಿವಿಯನ್ನು ಬಿಚ್ಚಿ ನೋಡಿದರೆ ಪರದೆಯ ನಡುವೆ ಮೇಲಿಂದ ಕೆಳಗೆ ಹಸಿರು ಗೆರೆ. ವಾರಂಟಿ ಯಾವತ್ತೋ ಮುಗಿದಿತ್ತು. ವಿಕಾಸ್ ಅದನ್ನು ಜೋಪಾನವಾಗಿ ಪುನಃ ಪೆಟ್ಟಿಗೆಗೆ ಸೇರಿಸಿ ಟೇಪು ಹಚ್ಚಿದ. ಯಾಕೆಂದು ಕೇಳಿದ್ದಕ್ಕೆ, "ಧೂಳು ಕೂರ್ತದೆ" ಎಂದ.

ಮಗಳು ಅಕ್ಷಯಾ ಒಮ್ಮೆ ಊಟದ ನಡುವೆ ಕೇಳಿದ್ದಳು: "ಪಪ್ಪ, ನಾನು ಇಲ್ಲಿಯದಾ, ಊರಿಂದಾ?"

"ನೀನು ಊರಿಂದು ಮಗಾ."

"ಬಟ್ ಐ ವಾಸ್ ಬಾರ್ನ್ ಹಿಯರ್!"

"ಅದು ಸದ್ಯಕ್ಕೆ."

ಹನ್ನೊಂದರ ಹುಡುಗಿ ನಗಾಡಿದಳು. ಸುಪ್ರೀತಾಳಿಗೆ ನಗು ಬರಲಿಲ್ಲ.

ಮನೆಯಲ್ಲಿದ್ದ ಸ್ಟೀರಿಯೋ ಕೂಡ ಇಲ್ಲಿಯದೇ. ಅಕ್ಷಯಾಳಿಗಿಂತ ಹಳೆಯ ಆಂಪ್ಲಿಫೈಯರ್, ಚಪ್ಪಲಿ ಪೆಟ್ಟಿಗೆಯಷ್ಟೇ ದೊಡ್ಡ ಎರಡು ಸ್ಪೀಕರ್, ಫೋನಿನಿಂದ ಸಂಗೀತ ಎಳೆದುಕೊಡುವ ಒಂದು ಡಬ್ಬಿ. ಅದರ ಮುಂದೆ ಕೂರಲು ಸುಪ್ರೀತಾಳಿಗೆ ಸಿಗುತ್ತಿದ್ದುದು ದಿನಕ್ಕೆ ಒಂದೂವರೆ ಗಂಟೆ. ಅವಳು ಖಾಸಗಿ ಕ್ಲಿನಿಕ್ ಒಂದರಲ್ಲಿ ಎಕ್ಸ್‌ರೇ ತೆಗೆಯುವವಳು. ಬೆಳಗಿನ ಪಾಳಿ ಒಂದು ಗಂಟೆಗೆ ಮುಗಿದರೆ ಸಂಜೆಯ ಪಾಳಿ ನಾಲ್ಕೂವರೆಗೆ ಶುರು. ನಡುವೆ ಅಡುಗೆ, ಪಾತ್ರೆ, ಮಗಳ ಊಟ. ಅದೆಲ್ಲ ಮುಗಿದು ಹೊರಗೆ ಬಿಸಿಲು ಗೋಡೆ ಸುಡುತ್ತಿರುವಾಗ ಪರದೆ ಎಳೆದು, ನೆಲದ ಮೇಲೆ ಬೆನ್ನು ಚಾಚಿ, ಅವಳು ವೀಣೆ ಕೇಳುತ್ತಿದ್ದಳು.

ಉಡುಪಿಯಲ್ಲಿ ಆರು ವರ್ಷ ವೀಣೆ ಕಲಿತವಳು ಅವಳು. ಅವಳ ವೀಣೆ ಬೆಳ್ಮಣ್ಣಿನ ಮನೆಯ ಮೇಲಿನ ಕೋಣೆಯಲ್ಲಿ ಹಳೆಯ ಸೀರೆ ಸುತ್ತಿಕೊಂಡು ಮಲಗಿತ್ತು. ತರುತ್ತೇನೆಂದು ಹೇಳಿದಾಗಲೆಲ್ಲ ವಿಕಾಸ್, "ಹೇಗೂ ನಾವೇ ಅಲ್ಲಿಗೆ ಹೋಗ್ಲಿಕ್ಕುಂಟಲ್ಲ, ಇನ್ನೆರಡು ವರ್ಷ" ಎನ್ನುತ್ತಿದ್ದ. ಆ ಎರಡು ವರ್ಷ ಹದಿನಾಲ್ಕು ವರ್ಷದಿಂದ ಎರಡೇ ವರ್ಷವಾಗಿ ಉಳಿದಿತ್ತು. ನುಡಿಸುವುದಂತೂ ಹೋಯಿತು, ಕೇಳುವುದನ್ನಾದರೂ ಸರಿಯಾಗಿ ಕೇಳಬೇಕೆಂಬ ಹಟ ಅವಳೊಳಗೆ ನಿಧಾನಕ್ಕೆ ಗಟ್ಟಿಯಾಗಿತ್ತು. ಕ್ಲಿನಿಕ್ಕಿನಲ್ಲಿ ಹತ್ತು ವರ್ಷ ತುಂಬಿದ್ದಕ್ಕೆ ಅವಳಿಗೊಂದು ಬೋನಸ್ ಸಿಕ್ಕಾಗ, ಮನೆಗೆ ಬಂದವಳೇ ಹೇಳಿದ್ದಳು: "ಇದು ಸ್ಟೀರಿಯೋಗೆ."

ಸ್ಟೀರಿಯೋದಲ್ಲಿ ಏನಾದರೂ ಒಂದನ್ನು ಬದಲಿಸುವಷ್ಟಿತ್ತು ಅದು. ಯಾವುದನ್ನು ಎಂಬುದೇ ಜಗಳ.

ವಿಕಾಸ್ ಸ್ಟೀಲ್ ಪ್ಲಾಂಟಿನಲ್ಲಿ ಕ್ರೇನ್ ರಿಪೇರಿಯವನು. ಯಂತ್ರದ ವಿಷಯದಲ್ಲಿ ಅವನ ಮಾತೇ ಕೊನೆಯದೆಂದು ಅವನ ನಂಬಿಕೆ. ಸಾಲದ್ದಕ್ಕೆ ಕೆಳಗಿನ ಮಹಡಿಯ ಬಾಸಿಲ್, ಇಗರ್ಜಿಯ ಹಾಡುತಂಡಕ್ಕೆ ಮೈಕು ಸ್ಪೀಕರು ನೋಡಿಕೊಳ್ಳುವವನು, ಅವನ ಬೆನ್ನಿಗಿದ್ದ.

"ಬಾಸಿಲ್ ಹೇಳಿದ, ಆಂಪ್ ಅಂದ್ರೆ ಇಂಜಿನ್ ಅಂತೆ. ಮೊದಲು ಅದು ಗಟ್ಟಿ ಬೇಕು."

"ಇಂಜಿನ್ ದೊಡ್ಡದು ಹಾಕಿದ್ರೆ ಸೈಕಲ್ ಬಸ್ ಆಗ್ತದಾ? ನನಗೆ ಸ್ಪೀಕರ್ ಬೇಕು. ದೊಡ್ಡದು."

"ದೊಡ್ಡದು ಊರಲ್ಲಿ ತಗೊಳ್ಳುವ. ಮೇಲಿನ ಹಾಲಿಗೆ ಹೇಳಿ ಮಾಡಿಸಿದ ಹಾಗೆ ಆಗ್ತದೆ. ಆಂಪ್ ಆದ್ರೆ ಬ್ಯಾಗಲ್ಲಿ ಬಟ್ಟೆಯ ನಡುವೆ ಕೂರ್ತದೆ."

ಅಲ್ಲಿತ್ತು ಗುಟ್ಟು. ಯಾವುದು ಚೆನ್ನಾಗಿ ಕೇಳುತ್ತದೆ ಎಂದಲ್ಲ, ಯಾವುದು ವಿಮಾನದವರು ಬಿಡುವ ಮೂವತ್ತು ಕಿಲೋದೊಳಗೆ ಕೂರುತ್ತದೆ ಎಂದು.

ಮಗಳನ್ನೂ ಕರೆದುಕೊಂಡು ಅವರು ಹೊರಟದ್ದು ಹತ್ತಿರದ ಸಹಮ್‌ಗೆ, ಕೊಗ್ಗಣ್ಣನ ರಿಪೇರಿ ಅಂಗಡಿಗೆ. ಕೊಗ್ಗಣ್ಣ ಮೂಲ್ಕಿ ಕಡೆಯವರು, ಒಮಾನಿಗೆ ಬಂದು ಮೂವತ್ತೊಂದು ವರ್ಷ. ವಾಷಿಂಗ್ ಮೆಷಿನ್ನು, ಫ್ಯಾನು, ಮಿಕ್ಸಿಗಳ ನಡುವೆ ಒಬ್ಬರು ಓಡಾಡುವಷ್ಟೇ ದಾರಿ ಬಿಟ್ಟುಕೊಂಡ ಅಂಗಡಿ. ದೇಶ ಬಿಟ್ಟುಹೋದ ಯಾವನೋ ಇಂಜಿನಿಯರನ ಒಳ್ಳೆಯ ಆಂಪ್ ಒಂದು ಮಾರಾಟಕ್ಕೆ ಬಂದಿದೆಯೆಂದು ಅವರೇ ಫೋನ್ ಮಾಡಿದ್ದರು. ಕೇಳಿ ನೋಡಲೆಂದು ಸುಪ್ರೀತಾ ಮನೆಯ ಪುಟ್ಟ ಸ್ಪೀಕರ್‌ಗಳನ್ನು ಚಾದರದಲ್ಲಿ ಸುತ್ತಿ ತಂದಿದ್ದಳು.

ಒಳಗೆ ಕಾಲಿಟ್ಟವನೇ ವಿಕಾಸ್ ಆಂಪಿಗೆ ಹಗ್ಗ ಸುತ್ತಿ ತಕ್ಕಡಿಗೆ ಸಿಕ್ಕಿಸಿ ಎತ್ತಿದ.

"ಒಂಬತ್ತು ಇನ್ನೂರು. ಫಸ್ಟ್ ಕ್ಲಾಸ್!"

"ನಿನಗೆ ಕೇಳ್ಲಿಕ್ಕೆ ಬೇಕಾ, ಅಡುಗೆಗೆ ಬೇಕಾ?" ಎಂದರು ಕೊಗ್ಗಣ್ಣ. "ಮೊದಲು ಅದನ್ನು ಕೆಳಗಿಡು."

ವಯರ್ ಜೋಡಿಸಿದರು. ಸುಪ್ರೀತಾ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ಫೋನಿನಲ್ಲಿ ತಾನು ದಿನವೂ ಕೇಳುವ ವೀಣೆಯ ಆಲಾಪ ಹಾಕಿ ಕಣ್ಣು ಮುಚ್ಚಿದಳು. ದನಿ ದೊಡ್ಡದಾಗಿತ್ತು, ತೊಳೆದಿಟ್ಟಂತೆ ಸ್ವಚ್ಛವಾಗಿಯೂ ಇತ್ತು. ಬೆರಳು ವೀಣೆಯ ಮೆಟ್ಟಿಲಿನ ಮೇಲೆ ಜಾರುವುದು, ಉಗುರು ತಂತಿಗೆ ತಾಗುವುದು, ಎಲ್ಲ ಎದುರಿಗೆ ಬಂದಿತ್ತು. ಆದರೆ ನುಡಿಕೆ ಮಂದ್ರಕ್ಕೆ ಇಳಿಯುತ್ತಿದ್ದಂತೆ ನೆಲವೇ ಇಲ್ಲವಾಯಿತು. ಮೆಟ್ಟಿಲು ಇಳಿಯುತ್ತಾ ಕೊನೆಯ ಮೆಟ್ಟಿಲಿಗೆ ಕಾಲಿಟ್ಟರೆ ಅಲ್ಲಿ ಮೆಟ್ಟಿಲೇ ಇಲ್ಲದ ಹಾಗೆ.

"ಹೇಗೆ?" ಎಂದ ವಿಕಾಸ್, ಗೆದ್ದವನ ಮುಖದಲ್ಲಿ.

"ತಂತಿ ಕೇಳ್ತದೆ. ಕೊಡ ಕೇಳುದಿಲ್ಲ."

"ಕೊಡ?"

"ವೀಣೆಯ ಹೊಟ್ಟೆ. ಹಲಸಿನ ಮರದ್ದು. ಮಂದ್ರ ಮೀಟಿದ್ರೆ ಅದು ತುಂಬಿ, ಹಿಡಿದವರ ತೊಡೆಗೆ ಗುಂಯ್ ಅಂತ ತಾಗ್ತದೆ. ಇಲ್ಲಿ ಬರೀ ತಂತಿ ಉಂಟು."

ಕೊಗ್ಗಣ್ಣ ತಲೆಯಾಡಿಸಿದರು. "ಅಕ್ಕ ಹೇಳುದು ಸಮ. ಇಷ್ಟು ಚಿಕ್ಕ ಪೆಟ್ಟಿಗೆಗೆ ನೀನು ಎಂಥ ಆಂಪ್ ಹಾಕಿದ್ರೂ ಕೆಳಗಿನ ಸ್ವರ ಬರುದಿಲ್ಲ ವಿಕಾಸ್. ಗಾಳಿ ತಳ್ಳಬೇಕಲ್ಲ, ಒಳಗೆ ಅದುರುವ ಕೋನ್ ದೊಡ್ಡದು ಬೇಕು. ನಿಮ್ಮ ಮನೆಯ ಹಳೇ ಆಂಪೇ ಸಾಕು, ಅದಕ್ಕೆಂತ ರೋಗ ಇಲ್ಲ."

"ನೀವು ನನ್ನ ಕಡೆಯವರು ಅಂತ ನಾನು ಎಣಿಸಿದ್ದೆ ಕೊಗ್ಗಣ್ಣ."

"ನಾನು ಸ್ಪೀಕರಿನ ಕಡೆಯವ ಮಾರಾಯ."

"ದೊಡ್ಡದು ಉಂಟಾ ನಿಮ್ಮಲ್ಲಿ?" ಸುಪ್ರೀತಾ ಕೇಳಿದಳು.

"ಇಲ್ಲ ಅಕ್ಕ."

ಮೂಲೆಯಿಂದ ಅಕ್ಷಯಾಳ ದನಿ ಬಂತು. ಚಹಾದ ಫ್ಲಾಸ್ಕು, ಬಿಸ್ಕತ್ತಿನ ಡಬ್ಬ, ಬಿಲ್ ಪುಸ್ತಕ ಇಟ್ಟಿದ್ದ ಮೇಜಿನ ಮೇಲಿಂದ ಅವಳು ಬಟ್ಟೆ ಸರಿಸಿದ್ದಳು. ಮೇಜಲ್ಲ, ಪಕ್ಕಪಕ್ಕ ಮಲಗಿಸಿದ ಎರಡು ಉದ್ದನೆಯ ರಟ್ಟಿನ ಪೆಟ್ಟಿಗೆ. "ಅಂಕಲ್, ಇದ್ರಲ್ಲಿ ಸ್ಪೀಕರ್ ಅಂತ ಬರ್ದಿದೆ. ಫ್ಲೋರ್ ಸ್ಟ್ಯಾಂಡಿಂಗ್. ಪಿಕ್ಚರ್ ಕೂಡ ಇದೆ."

ಕೊಗ್ಗಣ್ಣ ಬಟ್ಟೆಯನ್ನು ಎಳೆದು ಮೊದಲಿನಂತೆ ಮುಚ್ಚಿದರು. "ಅದು ಮಾರ್ಲಿಕ್ಕೆ ಅಲ್ಲ ಮಗಾ. ಅದು ಊರಿಂದು."

ಪೆಟ್ಟಿಗೆಯ ಬದಿಯಲ್ಲಿ ದಪ್ಪ ಮಾರ್ಕರಿನಿಂದ ಅವರ ಹೆಸರು, ಮೂಲ್ಕಿಯ ವಿಳಾಸ, ಪಿನ್ ಕೋಡು. ಅಕ್ಷರ ಮಾಸಿ ಕಂದು ಬಣ್ಣಕ್ಕೆ ತಿರುಗಿತ್ತು.

"ಯಾವಾಗ ತಗೊಂಡದ್ದು?" ಸುಪ್ರೀತಾ ಬಿಡಲಿಲ್ಲ.

"ಗೋನು ಚಂಡಮಾರುತ ಬಂದ ವರ್ಷ. ಮಸ್ಕತ್ತಿನಿಂದ ತಂದದ್ದು. ಆಮೇಲೆ ಶಾಹೀನ್ ಬಂದಾಗ ಇಲ್ಲಿ ಸೊಂಟದವರೆಗೆ ನೀರು ಅಕ್ಕ, ನಾನು ಮೊದಲು ಅಟ್ಟಕ್ಕೆ ಹತ್ತಿಸಿದ್ದು ಇದನ್ನೇ. ನನ್ನ ಹಾಸಿಗೆ ಆಮೇಲೆ."

"ಹದಿನೆಂಟು ವರ್ಷ! ಒಮ್ಮೆಯೂ ತೆಗೆದು ಕೇಳ್ಲಿಲ್ವಾ?"

"ಟೇಪು ತೆಗೆದ್ರೆ ಹೊಸತು ಅಂತ ಹೇಗೆ ಹೇಳುದು?"

"ನೋಡು, ನೋಡು ಶಿಸ್ತು," ಎಂದ ವಿಕಾಸ್.

ಸುಪ್ರೀತಾ ಎದ್ದಳು. ಫ್ಲಾಸ್ಕನ್ನು ತೆಗೆದು ವಾಷಿಂಗ್ ಮೆಷಿನ್ನಿನ ಮೇಲಿಟ್ಟಳು, ಬಿಸ್ಕತ್ತಿನ ಡಬ್ಬವನ್ನು ಮಗಳ ಕೈಗೆ ಕೊಟ್ಟಳು. "ಮಾರುದು ಬೇಡ ಕೊಗ್ಗಣ್ಣ. ಕೇಳುವ. ಒಂದೇ ಪದ್ಯ. ನಿಮ್ಮದೇ ಸ್ಪೀಕರ್, ನೀವೇ ಕೇಳಿ. ಕೇಳಿ ಪುನಃ ಕಟ್ಟಿಡಿ, ನಾನೇ ಟೇಪು ಹಚ್ಚಿ ಕೊಡ್ತೇನೆ."

ಕೊಗ್ಗಣ್ಣ ಬಹಳ ಹೊತ್ತು ಕತ್ತು ಕೆರೆದುಕೊಂಡರು. ಆಮೇಲೆ ಡ್ರಾವರಿನಿಂದ ಬ್ಲೇಡು ತೆಗೆದರು.

ಟೇಪು ಒಣಗಿ ತಾನಾಗಿಯೇ ಎದ್ದು ಬಂತು. ಥರ್ಮೋಕೋಲಿನ ನಡುವಿನಿಂದ ಅಕ್ಷಯಾಳ ಎದೆಯೆತ್ತರದ ಎರಡು ಗೋಪುರಗಳು ಹೊರಬಂದವು. ಕೆಂಪು ಮರದ ಮೈ, ಒಂದು ಗೆರೆಯಿಲ್ಲ, ಒಂದು ಬೆರಳಚ್ಚಿಲ್ಲ. ಅಂಗಡಿಯ ಹಳೆಯ ಎಣ್ಣೆ, ಸೊಲ್ಡರಿನ ನಾತದ ನಡುವೆ ಹೊಸ ವಾರ್ನಿಶಿನ ಪರಿಮಳ ಎದ್ದಿತು. ಕೊಗ್ಗಣ್ಣ ಅಂಗಿಯ ತುದಿಯಿಂದ ಇಲ್ಲದ ಧೂಳು ಒರೆಸಿದರು. ಅವರ ಮುಖದಲ್ಲಿ ಮದುಮಗನ ನಾಚಿಕೆಯಿತ್ತು.

ಆಲಾಪ ಶುರುವಾಯಿತು. ಒಂದೈದು ಕ್ಷಣ ಸುಪ್ರೀತಾಳ ಮೈ ಜುಮ್ಮೆಂದಿತು. ಸ್ವರ ಇಳಿಯಿತು, ಇನ್ನೂ ಇಳಿಯಿತು, ಕಾಲಿನ ಕೆಳಗೆ ಏನೋ ತುಂಬಿಕೊಳ್ಳತೊಡಗಿತು. ಅಷ್ಟರಲ್ಲಿ ಪರ್ರ್ ಎಂದು, ಹಳೆಯ ಬಟ್ಟೆ ಹರಿದಂಥ ಸದ್ದು. ಆಮೇಲೆ ಎರಡನೆಯದರಲ್ಲೂ.

ಕೊಗ್ಗಣ್ಣ ಥಟ್ಟನೆ ನಿಲ್ಲಿಸಿ, ಮುಂದಿನ ಜಾಲರಿ ಕಿತ್ತು, ಕೋನಿನ ಅಂಚಿಗೆ ಬೆರಳಿಟ್ಟರು. ಕೋನನ್ನು ಚೌಕಟ್ಟಿಗೆ ಹಿಡಿದಿಟ್ಟಿದ್ದ ಸ್ಪಂಜಿನ ಬಳೆ ಸುಟ್ಟ ಹಪ್ಪಳದ ಹಾಗೆ ಪುಡಿಯಾಗಿ ಉದುರಿತು. ಬೆರಳು ಕಪ್ಪಾಯಿತು. ಅವರು ಆ ಬೆರಳನ್ನೇ ನೋಡುತ್ತಾ ನೆಲದ ಮೇಲೆ ಕೂತರು.

"ಈ ಸ್ಪಂಜು ಹಾಗೆಯೇ," ಎಂದರು ಕೊನೆಗೆ. "ಸೆಕೆಗೆ ತನ್ನನ್ನು ತಾನೇ ತಿಂತದೆ. ನುಡಿಸಿದ್ರೂ ತಿಂತದೆ, ನುಡಿಸದಿದ್ರೂ ತಿಂತದೆ. ಎಷ್ಟು ಜನರದ್ದು ನಾನು ರಿಪೇರಿ ಮಾಡಿದ್ದೇನೆ! ನನ್ನದು ಪೆಟ್ಟಿಗೆಯಲ್ಲಿ ಉಂಟಲ್ಲ, ಅದಕ್ಕೆಂತ ಆಗ್ತದೆ ಅಂತ..." ಬೆರಳಿನ ಪುಡಿಯನ್ನು ಹೆಬ್ಬೆರಳಿನಿಂದ ತಿಕ್ಕಿದರು. "ಒಂದು ಪದ್ಯ ಕೇಳ್ಲಿಲ್ಲ ಮಾರಾಯ್ರೆ. ಒಂದು."

ವಿಕಾಸ್ ಆಂಪನ್ನು ತನ್ನ ಕಡೆಗೆ ಎಳೆದುಕೊಂಡ. "ಛೆ, ಪಾಪ... ಹಾಗಾದ್ರೆ ನಾವು ಆಂಪ್ ಪ್ಯಾಕ್ ಮಾಡುವ, ಅಲ್ವಾ ಸುಪ್ರೀ? ಬಬಲ್ ಶೀಟ್ ಉಂಟಾ ಕೊಗ್ಗಣ್ಣ?"

ಸುಪ್ರೀತಾ ಅವನ ಕಡೆ ನೋಡಲೇ ಇಲ್ಲ. "ಇದು ಸರಿ ಆಗ್ತದಾ?" ಎಂದು ಕೊಗ್ಗಣ್ಣನನ್ನು ಕೇಳಿದಳು.

"ಆಗದೆ ಎಂತ? ರಬ್ಬರಿನ ಬಳೆ ಸಿಗ್ತದೆ, ದುಬೈಯಿಂದ ನಾಲ್ಕು ದಿನದಲ್ಲಿ ಬರ್ತದೆ. ಅಂಟಿಸಿ ಒಂದು ದಿನ ಬಿಟ್ರೆ ಆಯ್ತು. ರಬ್ಬರ್ ಈ ಸ್ಪಂಜಿನ ಹಾಗೆ ಪುಡಿ ಆಗುದಿಲ್ಲ."

"ನನಗೆ ಇದೇ ಬೇಕು."

"ನಿನಗೆ ತಲೆ ಸಮ ಉಂಟಾ?" ವಿಕಾಸ್ ಸ್ಪೀಕರಿಗೆ ತಕ್ಕಡಿ ಹಾಕಲು ಜಾಗ ಹುಡುಕಿ, ಸಿಗದೆ, ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದ ತೂಕ ಓದಿದ. "ಇಪ್ಪತ್ತಮೂರು. ಎರಡಕ್ಕೆ ನಲ್ವತ್ತಾರು ಕಿಲೋ! ಅದೂ ಹಾಳಾದದ್ದು!"

ಅವರ ಮನೆಮಾತು ತುಳು. ಆದರೆ ಸುಪ್ರೀತಾಳಿಗೆ ನಿಜವಾಗಿ ಸಿಟ್ಟು ಬಂದರೆ ಶಾಲೆಯಲ್ಲಿ ಭಾಷಣಕ್ಕೆ ಬಹುಮಾನ ಗೆದ್ದ ಕನ್ನಡ ಬರುತ್ತಿತ್ತು. ಈಗ ಬಂತು.

"ಹಾಳಾದದ್ದು ಕೇಳಿ ಅಲ್ಲ, ಕೇಳದೆ. ಮಳೆಗಲ್ಲ, ಮಕ್ಕಳು ಆಡಿ ಅಲ್ಲ. ಜೋಪಾನ ಮಾಡಿ ಹಾಳಾದದ್ದು. ಟಿವಿ ಹಾಗೆಯೇ ಹೋಯಿತು. ನನ್ನ ವೀಣೆಯ ತಂತಿ ತುಕ್ಕು ಹಿಡಿದು ಎರಡು ತುಂಡಾಗಿದೆ, ಕಳೆದ ರಜೆಯಲ್ಲಿ ನೋಡಿದೆ, ನಿಮಗೆ ಹೇಳಲಿಲ್ಲ. ನನಗೀಗ ಮೂವತ್ತೊಂಬತ್ತು. ನನ್ನ ಕಿವಿಯನ್ನೂ ಟೇಪು ಹಚ್ಚಿ ಬೆಳ್ಮಣ್ಣಿಗೆ ಕಳಿಸಬೇಕಾ? ಬೋನಸ್ ನನ್ನದು. ಕಿವಿ ನನ್ನದು. ಸ್ಪೀಕರ್ ಇದು."

ಅಕ್ಷಯಾ ಬಿಸ್ಕತ್ತು ಅಗಿಯುವುದನ್ನು ನಿಲ್ಲಿಸಿದ್ದಳು.

"ಕೊಗ್ಗಣ್ಣ ಮಾರ್ಲಿಕ್ಕಿಲ್ಲ ಅಂದಿದ್ದಾರಲ್ಲ," ಎಂದ ವಿಕಾಸ್, ಸಣ್ಣ ದನಿಯಲ್ಲಿ.

ಕೊಗ್ಗಣ್ಣ ಕಪ್ಪು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ಎದ್ದರು. "ಕೊಡ್ತೇನೆ. ಆದ್ರೆ ಒಂದು ಶರ್ತ. ಊರಿಗೆ ಹಾಕ್ಲಿಕ್ಕೆ ಅಂತಾದ್ರೆ ಇಲ್ಲ. ಪೆಟ್ಟಿಗೆಯನ್ನು ನಾನು ಇವತ್ತೇ ಕೊಯ್ದು ಬಿಸಾಡ್ತೇನೆ. ಖಲಾಸ್."

ಆ ವಾರವಿಡೀ ವಿಕಾಸ್ ಮನೆಯಲ್ಲಿ ಅಳತೆ ಪಟ್ಟಿ ಹಿಡಿದು ಓಡಾಡಿದ. ಸೋಫಾ ಇರುವಲ್ಲಿ ಇಡಲಾಗದು, ಬಾಗಿಲಿನ ಬಳಿ ಇಡಲಾಗದು, ಗೋಡೆಗೆ ಒತ್ತಿಟ್ಟರೆ ದನಿ ಗೊಗ್ಗರಾಗುತ್ತದೆಂದು ಬಾಸಿಲ್ ಹೇಳಿದ್ದಾನೆ. ಬುಧವಾರ ಮಧ್ಯಾಹ್ನ ಸುಪ್ರೀತಾ ಒಬ್ಬಳೇ ಸೋಫಾವನ್ನು ಎಳೆದು ಬಾಲ್ಕನಿಗೆ ಹಾಕಿ, ಹಾಲಿಗೆ ಚಾಪೆ ಹಾಸಿದಳು. ಜಾಗದ ಮಾತು ಅಲ್ಲಿಗೆ ಮುಗಿಯಿತು. ಶುಕ್ರವಾರ ಬೆಳಿಗ್ಗೆ ಅವನು ಸೇಫ್ಟಿ ಶೂ ಕಟ್ಟಿಕೊಳ್ಳುತ್ತಾ, "ಇವತ್ತು ಓಟಿ ಕೊಟ್ಟಿದ್ದಾರೆ. ಸ್ಪೀಕರ್ ತರುದು ಮುಂದಿನ ವಾರ ನೋಡುವ" ಎಂದ. ಶುಕ್ರವಾರದ ಓವರ್‌ಟೈಮನ್ನು ಅವನು ಕೇಳಿ ಪಡೆದದ್ದೆಂದು ಅವಳಿಗೆ ಗೊತ್ತಿತ್ತು. ಕಂಪನಿಯ ಬಸ್ಸು ಅವನನ್ನು ಹತ್ತಿಸಿಕೊಂಡು ತಿರುವು ದಾಟುವವರೆಗೆ ಕಿಟಕಿಯಲ್ಲಿ ನಿಂತಿದ್ದು, ಆಮೇಲೆ ಕಾರಿನ ಕೀಲಿ ತೆಗೆದುಕೊಂಡಳು.

"ಯಲ್ಲಾ ಅಕ್ಷಯಾ, ಹೊರಡುವ, ಚಪ್ಪಲಿ ಹಾಕು."

"ಪಪ್ಪಂಗೆ ಹೇಳ್ಬೇಡ್ವಾ?"

"ಪಪ್ಪಂಗೆ ಕೇಳ್ತದೆ."

ಮೂರು ಸಲ ಫೇಲಾಗಿ ನಾಲ್ಕನೆಯ ಸಲ ಪಡೆದ ಒಮಾನಿ ಲೈಸೆನ್ಸಿನವಳು ಅವಳು. ಹೈವೇಯಲ್ಲಿ ಸಹಮ್‌ವರೆಗೆ ಹಿಂದಿನಿಂದ ಯಾರೆಷ್ಟು ಲೈಟು ಹಾಕಿ ಹೆದರಿಸಿದರೂ ತನ್ನ ಲೇನ್ ಬಿಡಲಿಲ್ಲ. ಅಂಗಡಿಯಲ್ಲಿ ಕೊಗ್ಗಣ್ಣ ಹೊಸ ರಬ್ಬರ್ ಅಂಚನ್ನು ಒತ್ತಿ ತೋರಿಸಿದರು. ಹಿಂದಿನ ಸೀಟು ಮಡಚಿ, ಒಂದೊಂದನ್ನೂ ಚಾದರದಲ್ಲಿ ಮಲಗಿಸಿ, ಇಬ್ಬರೂ ಏದುಸಿರು ಬಿಟ್ಟರು.

"ನೀವು ಕೇಳಿದ್ರಾ?" ಎಂದಳು.

"ಎರಡು ದಿನ ಕೇಳಿದೆ ಅಕ್ಕ. ಅಂಗಡಿ ಮುಚ್ಚಿ ಕೂತು ಕೇಳಿದೆ," ಎಂದರು. "ಈಗ ಹೋಗಿ. ಇನ್ನು ಸ್ವಲ್ಪ ನಿಂತ್ರೆ ಕೊಡುದಿಲ್ಲ."

ಮನೆಯ ಕೆಳಗೆ ಬಾಸಿಲ್ ಸಿಕ್ಕ. ಆಂಪೇ ಮೊದಲು ಎಂದು ವಾರವಿಡೀ ವಾದಿಸಿದವನು ಸ್ಪೀಕರ್ ನೋಡಿದ್ದೇ ತಡ, "ದೇವಾ! ಇದನ್ನು ಎಲ್ಲಿಂದ ತಂದ್ರಿ ಸುಪ್ರೀತಾಬಾಯಿ?" ಎಂದು ಅಂಗಿಯ ತೋಳು ಮಡಚಿದ. ಎರಡು ಮಹಡಿ ಹತ್ತುವಷ್ಟರಲ್ಲಿ ಅವನ ಬನಿಯನ್ ಹಿಂಡುವಂತಾಯಿತು. ಗೋಡೆಯಿಂದ ಎರಡು ಅಡಿ ಈಚೆಗೇ ಅವನ್ನು ನಿಲ್ಲಿಸಿ, ಹಳೆಯ ಆಂಪಿಗೆ ವಯರ್ ಬಿಗಿದು, ನೀರು ಕುಡಿದು ಇಳಿದುಹೋದ.

ಮಧ್ಯಾಹ್ನ ಮೂರೂವರೆಗೆ ಬಸ್ಸಿನಿಂದ ಇಳಿದ ವಿಕಾಸನಿಗೆ ಮೆಟ್ಟಿಲಲ್ಲೇ ಕೇಳಿತು. ಬಾಗಿಲು ತೆರೆದವನು ಕೈಯಲ್ಲಿ ಹೆಲ್ಮೆಟ್ ಹಿಡಿದು ಅಲ್ಲೇ ನಿಂತ. ಚಾಪೆಯ ಮೇಲೆ ಹೆಂಡತಿ, ಅವಳ ತೊಡೆಗೆ ತಲೆಯಿಟ್ಟು ಮಗಳು. ವೀಣೆ ಮಂದ್ರ ಪಂಚಮದಲ್ಲಿ ನಿಂತಿತ್ತು. ಸುಪ್ರೀತಾಳ ಎಡಗೈ ತನ್ನಷ್ಟಕ್ಕೆ ಮಗಳ ತೋಳಿನ ಮೇಲೆ ವೀಣೆಯ ಮೆಟ್ಟಿಲು ಹುಡುಕುತ್ತಿತ್ತು. ನೆಲದ ಟೈಲ್ಸಿನಿಂದ ಗುಂಯ್ ಎಂಬುದು ಎದ್ದು ಅವನ ಶೂಗಳ ದಪ್ಪ ಅಟ್ಟೆಯನ್ನೂ ದಾಟಿರಬೇಕು, ಅವನು ಒಮ್ಮೆ ಕಾಲಿನ ಕಡೆ ನೋಡಿಕೊಂಡ.

"ಸೋಫಾ ಇಲ್ದೆ ಎಲ್ಲಿ ಕೂತ್ಕೊಳ್ಳುದು?"

"ಇಲ್ಲಿ. ನಡುವಿನಲ್ಲಿ ಕೂತ್ರೆ ಮಾತ್ರ ಸಮ ಕೇಳುದು."

"ಅಲ್ಲ ಸುಪ್ರೀ, ನಾವು ಹೋಗುವಾಗ ಇದನ್ನೆಂತ ಮಾಡುದು?"

"ಬಿಟ್ಟು ಹೋಗುದು. ಯಾರಾದ್ರೂ ಕೇಳುವವರಿಗೆ ಕೊಟ್ಟು ಹೋಗುದು. ಅಷ್ಟರಲ್ಲಿ ನಾನು ಕೇಳಿ ಮುಗಿಸಿರ್ತೇನೆ."

ಅವನು ಹೆಲ್ಮೆಟನ್ನು ಕೆಳಗಿಟ್ಟ, ಪುನಃ ಎತ್ತಿದ. ಶೂ ಬಿಚ್ಚಲೋ ಬೇಡವೋ ಎಂಬಂತೆ ಲೇಸಿನ ತುದಿ ಹಿಡಿದು ಬಗ್ಗಿದ್ದಲ್ಲೇ ಹೇಳಿದ: "ಸ್ವಲ್ಪ ಸಣ್ಣ ಮಾಡು. ಕೆಳಗಿನವರು ಎಂತ ಹೇಳಿಯಾರು?"

"ಕೆಳಗಿನವರೇ ಹೊತ್ತು ತಂದದ್ದು. ಕೇಳ್ಲಿ."

ಮಗಳ ತಲೆಯನ್ನು ಮೆಲ್ಲನೆ ಚಾಪೆಗೆ ಇಳಿಸಿ ಸುಪ್ರೀತಾ ಎದ್ದಳು, ಹಳೆಯ ಆಂಪಿನ ಗುಂಡಿಯನ್ನು ಇನ್ನೊಂದಿಷ್ಟು ಬಲಕ್ಕೆ ತಿರುಗಿಸಿದಳು.